ಐದನೇ ಕಲ್ಲಿನವನ ಕಿವಿ

ಆ ಊರಿನಲ್ಲಿ ನ್ಯಾಯ ಹೇಳಲು ಕಿವುಡರೇ ಆಗಬೇಕು. ಕಿವಿ ಇದ್ದವನಿಗೆ ನೆಂಟರಿರುತ್ತಾರೆ, ಕಿವಿ ಇದ್ದವನ ಹಿಂದೆ ಚಾಡಿಕೋರರಿರುತ್ತಾರೆ, ಕಿವಿ ಇದ್ದವನ ಮನಸ್ಸು ಜೋರಾಗಿ ಅಳುವವನ ಕಡೆ ವಾಲುತ್ತದೆ. ಕೇಳಿಸದವನು ಯಾರ ಕಡೆಗೂ ವಾಲುವುದಿಲ್ಲ. ಈ ಮಾತನ್ನು ಊರು ಕಟ್ಟಿದವರು ಹೇಳಿದರೋ, ಊರಲ್ಲಿ ಮೊದಲು ಕಿವುಡಾದವನು ಹೇಳಿದನೋ, ಈಗ ಯಾರಿಗೂ ನೆನಪಿಲ್ಲ. ಯಾರು ಹೇಳಿದರೆಂದು ನೆನಪಿಲ್ಲದ ಮಾತಿಗೆ ಆ ಊರಿನಲ್ಲಿ ತೂಕ ಹೆಚ್ಚು.

ಊರ ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಐದು ಕಲ್ಲು. ಐದು ಕಲ್ಲಿನ ಮೇಲೆ ಐವರು ಪಂಚರು. ಐವರ ತಲೆಗೂ ಕಿವಿ ಮುಚ್ಚುವಂಥ ಪೇಟ. ವಾರಕ್ಕೊಮ್ಮೆ ಬಿಸಿಲು ಕಟ್ಟೆಯ ಅಂಚು ಮುಟ್ಟಿದಾಗ ಜನ ಸೇರುತ್ತಾರೆ. ದೂರು ಇದ್ದವರು ಒಬ್ಬೊಬ್ಬರಾಗಿ ಕೆಳಗೆ ನಿಂತು ಹೇಳುತ್ತಾರೆ. ತುಟಿ ನಿಂತರೆ ಮಾತು ಮುಗಿಯಿತೆಂದು ಲೆಕ್ಕ. ಆಗ ಐವರೂ ತಲೆದೂಗುತ್ತಾರೆ. ಪಕ್ಕದಲ್ಲಿ ನಿಂತ ಸಾರುವವನು ಕೋಲು ಕುಟ್ಟಿ, "ಐದು ತಲೆ ಒಂದಾಗಿ ತೂಗಿದವು" ಎಂದು ಕೂಗಿ, ಆ ತೂಗಿದ್ದರ ಅರ್ಥ ಏನೆಂದು ಸಾರುತ್ತಾನೆ. ಅರ್ಥವನ್ನು ಅವನು ಎಲ್ಲಿಂದ ತರುತ್ತಾನೆ ಎಂದು ಕೇಳುವುದು ಅಲ್ಲಿ ಮರ್ಯಾದೆಯಲ್ಲ.

ಒಂದು ಕಲ್ಲು ಖಾಲಿಯಾದರೆ ಊರಿನ ಮುದುಕರನ್ನೆಲ್ಲ ಬೆನ್ನು ತಿರುಗಿಸಿ ಕೂರಿಸಿ ಹಿಂದಿನಿಂದ ಜಾಗಟೆ ಬಾರಿಸುತ್ತಾರೆ. ತಿರುಗಿ ನೋಡಿದವರು ಮನೆಗೆ ಹೋಗುತ್ತಾರೆ. ತಿರುಗದೆ ಕೂತವನಿಗೆ ಪೇಟ. ಐದನೇ ಕಲ್ಲಿನವನಿಗೆ ಪೇಟ ಬಂದದ್ದೂ ಹಾಗೆಯೇ. ಸುತ್ತ ಕೂತವರೆಲ್ಲ ಬೆಚ್ಚಿಬಿದ್ದಾಗ ಅವನು ಮೂಗಿನ ಮೇಲಿನ ನೊಣ ಓಡಿಸುತ್ತಿದ್ದ. ಊರು ಅದನ್ನು ಸ್ಥಿತಪ್ರಜ್ಞತೆ ಎಂದು ಕರೆಯಿತು.

ಅಂದಿನಿಂದ ಅವನ ಬದುಕು ಸುಖವಾಗಿ ನಡೆದಿತ್ತು. ಬೀದಿಗಿಳಿದರೆ ಜನ ಕೈಮುಗಿಯುತ್ತಿದ್ದರು, ಏನೋ ಹೇಳುತ್ತಿದ್ದರು, ನಗುತ್ತಿದ್ದರು. ಅವನು ತಲೆದೂಗುತ್ತಿದ್ದ. ತನ್ನನ್ನು ಹೊಗಳುತ್ತಿದ್ದಾರೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೂ ಒಂದು ಕೊರಗಿತ್ತು. ಯಾವ ಮಾತಿನಲ್ಲಿ ಹೊಗಳುತ್ತಾರೆ ಎಂಬುದು ತಿಳಿಯದು. ಎಲೆ ತುಂಬ ಬಡಿಸಿದ್ದಾರೆ, ನಾಲಿಗೆಗೆ ರುಚಿಯಿಲ್ಲ, ಹಾಗೆ. ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಅವನ ಎಲೆಗೆ ಬಾಗಿ ಏನೋ ಅಂದ. ಇಡೀ ಸಾಲು ನಕ್ಕು ನಕ್ಕು ಕಣ್ಣು ಒರೆಸಿಕೊಂಡಿತು. ಅಷ್ಟು ಒಳ್ಳೆಯ ಮಾತು ತನ್ನ ಎಲೆಯ ಮೇಲೇ ಬಿದ್ದರೂ ತನಗೊಬ್ಬನಿಗೇ ಸಿಗಲಿಲ್ಲವಲ್ಲ ಎಂದು ಅವನು ಪಾಯಸವನ್ನು ಅರ್ಧಕ್ಕೆ ಬಿಟ್ಟು ಎದ್ದ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. "ನನಗೆ ಕಿವಿ ಬೇಕು ಕಣೇ."

ಹೆಂಡತಿ ತನ್ನ ತಲೆ ಮುಟ್ಟಿ ಪೇಟದ ಸನ್ನೆ ಮಾಡಿದಳು. ಆಮೇಲೆ ಕಾಲಿನಿಂದ ಏನನ್ನೋ ಹೊಸಿಲಾಚೆ ಒದ್ದ ಹಾಗೆ ಮಾಡಿದಳು.

"ಪೇಟದೊಳಗೆ ಯಾರು ಇಣುಕಿ ನೋಡ್ತಾರೆ?" ಎಂದ ಅವನು.

ಹೆಂಡತಿ ಸೆರಗು ಹೊದ್ದು ಅವನ ಜತೆ ಹೊರಟಳು.

ಊರಿನ ತೆಂಕಣ ಬಾಗಿಲಾಚೆ, ಕೊಡೆ ರಿಪೇರಿಯವರು, ಬೀಗ ರಿಪೇರಿಯವರು ಕೂರುವ ಓಣಿಯ ಕೊನೆಯಲ್ಲಿ ಕಿವಿ ಕೂರಿಸುವವಳ ಮನೆ. ಊರು ಉಂಡು ಮಲಗಿದ್ದ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋದರು. ಒಳಗೆ ಒಂದು ಕೋಣೆ. ನಾಲ್ಕು ಗೋಡೆಗೂ, ಸೂರಿಗೂ, ಬಾಗಿಲಿಗೂ ಕೌದಿ ಹೊದಿಸಿತ್ತು. ಗೋಡೆಯ ನಡುವೆ ಅಂಗೈಯಗಲದ ಗಾಜು. ಅವನನ್ನು ಒಳಗೆ ಕೂರಿಸಿ, ಎರಡು ಬಟ್ಟಲಿನಂಥವನ್ನು ಕಿವಿಗೆ ಮುಚ್ಚಿ, ಅವಳು ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಸದ್ದು ಕೇಳಿಸಿದರೆ ಬೆರಳೆತ್ತಿ. ಕೇಳಿಸದಿದ್ದರೆ ಸುಮ್ಮನಿರಿ.

ಅವನು ತಲೆದೂಗಿದ.

ಅವಳು ಗಾಜಿನಾಚೆ ಕೂತು ಯಂತ್ರದ ಗುಂಡಿ ತಿರುಗಿಸಿದಳು. ಅವನು ತಲೆದೂಗಿದ. ಇನ್ನೊಂದು ಗುಂಡಿ ಒತ್ತಿದಳು. ತಲೆದೂಗಿದ. ಅವಳು ಗುಂಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಗಲೂ ಅವನು ಗಂಭೀರವಾಗಿ, ಎಲ್ಲ ವಿಚಾರ ಮಾಡಿದವನಂತೆ, ತಲೆದೂಗಿದ. ಅವಳು ಒಳಗೆ ಬಂದು ಸ್ಲೇಟು ಹಿಡಿದಳು: ಈಗ ಸದ್ದೇ ಇರಲಿಲ್ಲ. ಅದಕ್ಕೂ ತಲೆದೂಗಿದ. ಗಾಜಿನಾಚೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕಿವಿ ಕೂರಿಸುವವಳಿಗೆ ನಗುವೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಅವಳು ಮೂಲೆಯ ಗೂಡಿನಿಂದ ಒಂದು ತಾಮ್ರದ ಚೊಂಬು ತೆಗೆದು, ಅದರ ಕಂಠದವರೆಗೆ ನೀರು ತುಂಬಿ, ಅವನ ಪೇಟ ಬಿಚ್ಚಿಸಿ ನೆತ್ತಿಯ ಮೇಲಿಟ್ಟಳು. ಸ್ಲೇಟಿನಲ್ಲಿ ಬರೆದಳು: ಚೆಲ್ಲಿದರೆ ಮೊದಲಿಂದ.

ಚೆಲ್ಲಿತು. ಮೊದಲಿಂದ. ಮತ್ತೆ ಚೆಲ್ಲಿತು. ಮತ್ತೆ ಮೊದಲಿಂದ. ಹೆಗಲು ತೊಯ್ದು, ಎದೆ ತೊಯ್ದು, ಪಂಚೆಯ ಅಂಚಿನಿಂದ ನೀರು ತೊಟ್ಟಿಕ್ಕುವ ಹೊತ್ತಿಗೆ ಕುತ್ತಿಗೆ ಸುಮ್ಮನಿರುವುದನ್ನು ಕಲಿಯಿತು. ಕುತ್ತಿಗೆ ಸುಮ್ಮನಾದ ಮೇಲೆ, ಎಲ್ಲೋ ಬಾವಿಯ ತಳದಲ್ಲಿ ಹನಿ ಬಿದ್ದಂತೆ, ಒಂದು ಸದ್ದು ಅವನಿಗೆ ನಿಜವಾಗಿ ಕೇಳಿಸಿತು. ಬೆರಳು ಎದ್ದಿತು.

ಆಮೇಲೆ ಅವಳು ಕಿವಿಯೊಳಗೆ ತಣ್ಣನೆಯ ಹಿಟ್ಟಿನಂಥದ್ದು ತುಂಬಿ, ಅದು ಗಟ್ಟಿಯಾಗುವವರೆಗೆ ಕಾದು, ಅಚ್ಚು ತೆಗೆದಳು. ಬಸವನಹುಳುವಿನಂಥ ಆ ಅಚ್ಚನ್ನು ಗೂಡಿನಲ್ಲಿಟ್ಟಳು. ಅಲ್ಲಿ ಅಂಥ ಜೋಡಿಗಳು ಆಗಲೇ ಕೆಲವು ಇದ್ದವು. ಅವನು ನೋಡಿದ, ಯಾರವೆಂದು ಕೇಳಲಿಲ್ಲ. ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಎರಡನೆಯ ಸಲ ಹೋದಾಗ ಕಿವಿ ತಯಾರಾಗಿತ್ತು. ಗೋಡಂಬಿಯ ಆಕಾರದ ಎರಡು ಪುಟ್ಟ ಯಂತ್ರ. ಅವನ್ನು ಕಿವಿಯ ಹಿಂದೆ ಕೂರಿಸಿ, ಅಚ್ಚನ್ನು ಒಳಗೆ ತಿರುಗಿಸಿ ಒತ್ತಿ, ಕಿವಿ ಕೂರಿಸುವವಳು ಅವನ ಹೆಂಡತಿಯತ್ತ ತಿರುಗಿದಳು. "ಮೊದಲ ಮಾತು ಮನೆಯವರೇ ಆಡಬೇಕು. ಏನಾದರೂ ಹೇಳಿಯಮ್ಮ."

ಹೆಂಡತಿ ಗಂಟಲು ಸರಿಮಾಡಿಕೊಂಡಳು. ಅದೇ ಅವನಿಗೆ ಗುಡುಗಿದಂತಾಯಿತು.

"ಏನೂಂದ್ರೆ," ಎಂದಳು. "ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಇಷ್ಟು ವರ್ಷ ಮುಖ ಕಿವುಚಿದ್ರಲ್ಲ, ಅದು ಕೈತಪ್ಪಿ ಆದದ್ದಲ್ಲ. ಬೇಕಂತಲೇ ಹಾಕ್ತಿದ್ದೆ. ಮಾತಾಡಿದರೆ ತಿರುಗಿ ನೋಡದವರು, ಉಪ್ಪು ಹಾಕಿದರೆ ತಿರುಗಿ ನೋಡ್ತಿದ್ರಿ."

ಅವನು ಬಾಯಿ ತೆರೆದ. ತನ್ನದೇ ದನಿ ಖಾಲಿ ಗುಡಾಣದೊಳಗಿಂದ ಬಂದಂತೆ ಕೇಳಿ ಹೆದರಿ ಮುಚ್ಚಿಕೊಂಡ.

"ಮೊದಮೊದಲು ಎಲ್ಲವೂ ದೊಡ್ಡದಾಗಿ ಕೇಳಿಸುತ್ತೆ ಯಜಮಾನರೇ," ಎಂದಳು ಕಿವಿ ಕೂರಿಸುವವಳು. "ನೀವು ಅಗಿಯೋದು, ನೀವು ನಡೆಯೋದು, ಎಲ್ಲವೂ. ನಿಮ್ಮ ಸದ್ದು ನಿಮಗೇ ಹೇಸಿಗೆ ಆಗುತ್ತೆ. ಆಮೇಲೆ ಒಗ್ಗುತ್ತೆ. ಒಂದು ಮಾತು ನೆನಪಿರಲಿ. ಪೇಟವನ್ನ ಸಡಿಲವಾಗಿ ಕಟ್ಟಿ. ಇದರ ಮೇಲೆ ಒತ್ತಿದರೆ, ಅಂಗೈ ಮುಚ್ಚಿದರೆ, ಕೂಗಿಕೊಳ್ಳುತ್ತೆ."

ಅವನು ಅಂಗೈ ಮುಚ್ಚಿ ನೋಡಿದ. ಒಲೆಯಲ್ಲಿ ಹಸಿಕಟ್ಟಿಗೆ ಸುಯ್ಯೆನ್ನುವಂಥ ಸಣ್ಣ, ಚೂಪಾದ ಶಿಳ್ಳೆ ಎದ್ದಿತು. ಗಾಬರಿಯಿಂದ ಕೈ ತೆಗೆದ.

"ಸುಮ್ಮಸುಮ್ಮನೆ ಯಾರು ತಾಯಿ ಮುಚ್ಕೋತಾರೆ?"

"ಎಲ್ಲರೂ. ಕೇಳಬಾರದ್ದು ಕೇಳಿಸಿದಾಗ ಕೈ ತಾನಾಗಿ ಹೋಗುತ್ತೆ. ನಿಮಗೆ ಮುಚ್ಚಿಡೋಕೆ ಬರಬಹುದು. ಯಂತ್ರಕ್ಕೆ ಬರಲ್ಲ, ಅದು ಹೇಳಿಬಿಡುತ್ತೆ."

ಅವನು ಗೂಡಿನಲ್ಲಿದ್ದ ಚೊಂಬನ್ನು ನೋಡಿದ. "ಅದು ಒಳ್ಳೇ ಉಪಾಯ."

"ನಿಮ್ಮಂಥವರಿಗೆ ಅಂತಲೇ ಇಟ್ಟಿದೀನಿ," ಎಂದಳು ಅವಳು.

ಅವನು ಅದನ್ನು ಗೌರವವೆಂದು ತಿಳಿದು ತಲೆದೂಗಿದ.

ಕಟ್ಟೆಯ ದಿನ ಬಂತು. ಪೇಟವನ್ನು ಸಡಿಲವಾಗಿ ಸುತ್ತಿಕೊಂಡು ಅವನು ತನ್ನ ಕಲ್ಲಿನ ಮೇಲೆ ಕೂತ. ಉಳಿದ ನಾಲ್ವರೂ ಕೂತರು. ಅವರ ಪೇಟಗಳೂ ಸಡಿಲವಾಗಿಯೇ ಇದ್ದವು. ಮುದುಕರಿಗೆ ಬಿಗಿ ಸೇರುವುದಿಲ್ಲ. ಬಿಸಿಲು ಕಟ್ಟೆಯ ಅಂಚು ಮುಟ್ಟಿತು. ಜನರ ಗುಜುಗುಜು ಅವನ ಕಿವಿಯೊಳಗೆ ಅಕ್ಕಿ ಸುರಿದಂತೆ ಸುರಿಯಿತು. ಎದೆ ಹಿಗ್ಗಿಸಿ ಕಾದ.

ಮೊದಲು ಬಂದವನು ಅಂಗಳದ ಗೋಡೆಯ ವ್ಯಾಜ್ಯದವನು. ಸೊಂಟ ಬಗ್ಗಿಸಿ ಕೈಮುಗಿದು, ಮುಖದ ತುಂಬ ಭಕ್ತಿ ತಂದುಕೊಂಡು, ಮೆಲ್ಲಗೆ ಹೇಳಿದ:

"ಏನ್ರಪ್ಪಾ ಐದು ಕುಂಬಳಕಾಯಿಗಳಿರಾ, ಚೆನ್ನಾಗಿದೀರಾ? ಹೋದ ವಾರಕ್ಕಿಂತ ಒಂದು ಸುತ್ತು ದಪ್ಪಗಾಗಿದೀರಿ. ಯಾವ ತಿಪ್ಪೆ ಗೊಬ್ಬರ ಬೀಳ್ತಿದೆಯೋ. ಐದನೇದಕ್ಕೆ ಮಾತ್ರ ತೊಟ್ಟು ಒಣಗಿದ ಹಾಗಿದೆ. ಕುಯ್ಯೋ ಕಾಲ ಬಂತು ಅಂತ ಕಾಣುತ್ತೆ."

ಹಿಂದೆ ಕೂತವರು ಕೆಮ್ಮಿದಂತೆ ಮಾಡಿ ನಕ್ಕರು. ತುಟಿ ನಿಂತಿತು. ಐದು ತಲೆ ತೂಗಿದವು. ಸಾರುವವನು ಕೋಲು ಕುಟ್ಟಿದ. "ಐದು ತಲೆ ಒಂದಾಗಿ ತೂಗಿದವು. ಗೋಡೆ ಇವನದೇ."

ಎರಡನೆಯವಳು ಕಣ್ಣೊರೆಸಿಕೊಳ್ಳುತ್ತ ಬಂದು, ಹುಚ್ಚೆಳ್ಳಿನ ಚಟ್ನಿಪುಡಿ ಮಾಡುವುದು ಹೇಗೆಂದು ಮೊದಲಿಂದ ಕೊನೆಯವರೆಗೆ ಹೇಳಿ, ಮೆಣಸಿನಕಾಯಿ ಹೆಚ್ಚು ಹುರಿಯಬಾರದೆಂದು ಬಿಕ್ಕಿದಳು. ತಲೆಗಳು ತೂಗಿದವು. ಸೊಸೆ ಅತ್ತೆಯ ಮಾತು ಕೇಳತಕ್ಕದ್ದೆಂದು ಸಾರಿದ್ದಾಯಿತು. ಐದನೇ ಕಲ್ಲಿನವನಿಗೆ ಎಲ್ಲವೂ ತಿಳಿಯುತ್ತ ಬಂತು. ಅರ್ಥವನ್ನು ಜನ ಮುಂಚೆಯೇ ಸಾರುವವನ ಜಗಲಿಯಲ್ಲಿ ಮಾತಾಡಿಕೊಂಡು ಮುಗಿಸುತ್ತಾರೆ. ಕಟ್ಟೆಯ ಮುಂದೆ ತುಟಿ ಆಡಿಸಿದರೆ ಸಾಕು. ಮದುವೆ ಊಟದ ದಿನ ಬಡಿಸುವವನ ಕೈಯಲ್ಲಿದ್ದದ್ದು ಕುಂಬಳಕಾಯಿ ಪಲ್ಯ ಎಂಬುದೂ ಈಗ ನೆನಪಾಯಿತು.

ಅವನಿಗೆ ತಾನು ಬಯಸಿದ್ದು ಸಿಕ್ಕಿತ್ತು. ಹೊಗಳಿಕೆಯ ಮಾತು ಯಾವುದೆಂದು ತಿಳಿದಿತ್ತು.

ಆಮೇಲೆ ಹಗ್ಗ ಹೊಸೆಯುವವಳು ಬಂದಳು. ಅವಳು ಬಂದ ಕೂಡಲೇ ಜನರ ನಗು ಆರಿತು, ಕೆಲವರು ಆಕಳಿಸಿದರು. ಏಕೆಂದರೆ ಅವಳೊಬ್ಬಳೇ ಕಟ್ಟೆಯ ಮುಂದೆ ನಿಂತು ನಿಜವಾಗಿ ಮಾತಾಡುತ್ತಿದ್ದಳು. ಕೇಳುವವರಿದ್ದಾರೆ ಎನ್ನುವ ಹಾಗೆ ಮಾತಾಡುತ್ತಿದ್ದಳು. ಅದು ಊರಿಗೆ ಒಂದು ಬಗೆಯ ಅಸಭ್ಯತೆಯಾಗಿ ಕಾಣುತ್ತಿತ್ತು.

"ಯಜಮಾನರೇ," ಎಂದಳು. "ಊರ ಗಂಟೆ ತೂಗುಹಾಕಿದ ಹಗ್ಗ ಸವೆದಿದೆ, ಬದಲಿಸಿ ಅಂತ ಇಲ್ಲೇ ನಿಂತು ಹೇಳಿದ್ದೆ. ನೀವು ತಲೆದೂಗಿದ್ರಿ. ಹಗ್ಗ ಬದಲಿಸೋದು ಈ ಸಾರುವವನ ಕೆಲಸ. ಇವನು ಬದಲಿಸಲಿಲ್ಲ. ಗಂಟೆ ಬಿತ್ತು, ಬಿರಿಯಿತು. ಗಂಟೆ ಹೊಡೆಯೋನು ನನ್ನ ಗಂಡ. ತಪ್ಪು ಅವನದು ಅಂತ ಸಾರಿದರು. ನೀವು ತಲೆದೂಗಿದ್ರಿ. ಅವನನ್ನ ಸುಣ್ಣ ಸುಡೋ ಗೂಡಿಗೆ ದುಡಿಯೋಕೆ ಕಳಿಸಿದರು. ಒಂದು ಕಣ್ಣು ಸುಣ್ಣಕ್ಕೆ ಹೋಯ್ತು. ಇನ್ನೊಂದು ಇದೆ. ಅದು ಇರುವಾಗಲೇ ಕರೆಸಿ ಅಂತ ಕೇಳ್ತಿದೀನಿ. ಅದೂ ಹೋದ ಮೇಲೆ ಕರೆಸಿದರೆ ಬರೋನಿಗೆ ದಾರಿ ಕಾಣಲ್ಲ, ನನ್ನ ಮುಖ ಕಾಣಲ್ಲ. ಇಷ್ಟೇ."

ತುಟಿ ನಿಂತಿತು.

ಐದನೇ ಕಲ್ಲಿನವನು ಪ್ರತಿ ಮಾತನ್ನೂ ಕೇಳಿದ್ದ. ಮಾತಿನ ನಡುವೆ ಅವಳು ಎಳೆದುಕೊಂಡ ಉಸಿರನ್ನೂ ಕೇಳಿದ್ದ. ಆದರೆ ತುಟಿ ನಿಂತದ್ದು ಕಂಡಕೂಡಲೇ ಕುತ್ತಿಗೆ ತನ್ನ ಕೆಲಸ ತಾನು ಮಾಡಿಬಿಟ್ಟಿತು. ನಾಲ್ಕು ತಲೆಗಳ ಜತೆ ಅವನ ತಲೆಯೂ ತೂಗಿತು.

"ಐದು ತಲೆ ಒಂದಾಗಿ ತೂಗಿದವು," ಎಂದು ಸಾರುವವನು ಕೋಲು ಕುಟ್ಟಿದ. "ಶಿಕ್ಷೆ ಮುಂದುವರಿಯಲಿ."

ಮನೆಯಲ್ಲಿ ಹೆಂಡತಿ ಬಡಿಸುತ್ತ ಕೇಳಿದಳು. "ಏನೇನು ಕೇಳಿಸ್ತು?"

"ಕಾಗೆ," ಎಂದ.

ಆ ದಿನ ಸಾರಿನಲ್ಲಿ ಉಪ್ಪು ಸರಿಯಾಗಿತ್ತು. ಅವನಿಗೆ ಅದು ಇನ್ನಷ್ಟು ಕಷ್ಟವಾಯಿತು.

ಮರುವಾರ ಹಗ್ಗ ಹೊಸೆಯುವವಳು ಮತ್ತೆ ಬಂದಳು. ಅದೇ ಮಾತು, ಅದೇ ಕ್ರಮ. ಕೊನೆಗೆ ಒಂದು ಮಾತು ಹೊಸದು: "ಇರೋ ಕಣ್ಣಲ್ಲೂ ನೀರು ಸುರೀತಿದೆಯಂತೆ." ಅವನು ಹಲ್ಲು ಕಚ್ಚಿದ, ಕಲ್ಲಿನ ಅಂಚು ಹಿಡಿದ, ಕುತ್ತಿಗೆಯನ್ನು ಕಂಬದಂತೆ ಮಾಡಿದ. ಎಡಗಡೆ ನಾಲ್ಕು ತಲೆಗಳು ತೂಗತೊಡಗಿದವು. ನಾಲ್ಕು ತಲೆ ತೂಗುವಾಗ ಗಾಳಿಯೇ ತೂಗುತ್ತದೆ. ಕಂಬ ಬಾಗಿತು.

ಅಂದು ಹೆಂಡತಿ ಬಡಿಸಲಿಲ್ಲ. ಎದುರು ಕೂತಳು.

"ಆ ಹೆಂಗಸು ಏನಂದಳು?"

"ಯಾವ ಹೆಂಗಸು?"

"ನೋಡಿ, ನಾನೂ ಅಲ್ಲೇ ಜನರ ನಡುವೆ ಕೂತಿರ್ತೀನಿ. ಅವಳು ಏನಂದಳು ಅಂತ ನನಗೆ ಗೊತ್ತು, ಇಡೀ ಊರಿಗೆ ಗೊತ್ತು. ನಾನು ಕೇಳ್ತಿರೋದು ನಿಮಗೆ ಏನು ಕೇಳಿಸ್ತು ಅಂತ. ಕಾಗೆ ಕೂಗಿದ್ದಕ್ಕೆ ಯಾರೂ ಹಾಗೆ ಬೆವರಲ್ಲ."

"ನಾಲ್ಕು ತಲೆ ತೂಗುವಾಗ ನನ್ನದೊಂದು ನಿಂತರೆ ಕಲ್ಲು ಹೋಗುತ್ತೆ."

"ಹೋಗಲಿ. ಕೂರೋಕೆ ಮನೇಲಿ ಮಣೆ ಇದೆ."

"ಪೇಟ ಹೋಗುತ್ತೆ."

"ಅದರಲ್ಲಿ ಎರಡು ದಿಂಬಿನ ಚೀಲ ಆಗುತ್ತೆ," ಎಂದು ಹೆಂಡತಿ ಎದ್ದು ಹೋದಳು.

ಅವನು ಕಿವಿ ಕೂರಿಸುವವಳ ಬಳಿಗೆ ಹೋದ. ಯಂತ್ರಗಳನ್ನು ಅವಳ ಮೇಜಿನ ಮೇಲಿಟ್ಟು, ಉತ್ತರ ಕೇಳಿಸಬೇಕಲ್ಲ ಎಂದು ಮತ್ತೆ ಹಾಕಿಕೊಂಡು, ಹೇಳಿದ: "ಇದನ್ನ ಹೇಗಾದರೂ ಮಾಡು ತಾಯಿ. ಸಣ್ಣ ಸದ್ದು ಕೇಳಿಸದ ಹಾಗೆ ಮಾಡು. ಅಥವಾ ಹೆಂಗಸರ ದನಿ ಕೇಳಿಸದ ಹಾಗೆ."

"ಕಿವೀಲಿ ನೋವಿದೆಯಾ?"

"ಇಲ್ಲ. ಕುತ್ತಿಗೇಲಿ."

"ನಾನು ಕಿವಿಯವಳು. ಕುತ್ತಿಗೆ ನಿಮ್ಮದು," ಎಂದಳು ಅವಳು.

"ಹಾಗಾದರೆ ತೆಗೆದುಬಿಡು. ನನಗೆ ಬೇಡ."

"ತೆಗೀಬಹುದು. ಇನ್ನು ಮುಂದೆ ಕೇಳಿಸಲ್ಲ. ಈಗಾಗಲೇ ಕೇಳಿಸಿದ್ದನ್ನ ಕೀಳೋಕೆ ನನ್ನ ಹತ್ತಿರ ಚಿಮಟ ಇಲ್ಲ ಯಜಮಾನರೇ." ಅವಳು ಒಂದು ಬಟ್ಟೆಯಿಂದ ಅಚ್ಚುಗಳ ಧೂಳು ಒರೆಸುತ್ತಿದ್ದಳು. "ಬಂದವರೆಲ್ಲ ಹೀಗೇ ಕೇಳ್ತಾರೆ. ಆಮೇಲೆ ಒಗ್ಗುತ್ತೆ. ಒಗ್ಗಿದವರು ಮತ್ತೆ ಬರಲ್ಲ, ಯಂತ್ರದ ಸೆಲ್ಲು ಮುಗಿದಾಗ ಮಾತ್ರ ಬರ್ತಾರೆ."

ಒಗ್ಗುತ್ತದೆ ಎಂಬ ಮಾತು ಅವನಿಗೆ ಮೊದಲ ಸಲ ಸಮಾಧಾನ ಕೊಟ್ಟಿತ್ತು. ಈ ಸಲ ಹೆದರಿಸಿತು. ಅವನು ಏಳುವಾಗ ಗೂಡಿನಲ್ಲಿದ್ದ ಚೊಂಬನ್ನು ಕೇಳಿ ಪಡೆದ.

ಆ ವಾರ ಬಿಸಿಲು ಕಟ್ಟೆಯ ಅಂಚು ಮುಟ್ಟಿದಾಗ ಊರು ಒಂದು ಹೊಸ ನೋಟ ಕಂಡಿತು. ಐದನೇ ಕಲ್ಲಿನವನ ತಲೆಯ ಮೇಲೆ ಪೇಟವಿರಲಿಲ್ಲ. ನೀರು ತುಂಬಿದ ತಾಮ್ರದ ಚೊಂಬಿತ್ತು. ಬೋಳು ಕಿವಿಗಳ ಹಿಂದೆ ಎರಡು ಗೋಡಂಬಿ ಕೂತಿದ್ದವು. ಯಾರಿಗೂ ಅದೇನೆಂದು ತಿಳಿಯಲಿಲ್ಲ. ವ್ರತವಿರಬೇಕೆಂದು ಕೆಲವರು ಕೈಮುಗಿದರು. ಉಳಿದ ನಾಲ್ವರು ಪಂಚರು ಮಾತ್ರ ಆ ಗೋಡಂಬಿಗಳನ್ನು ಬಹಳ ಹೊತ್ತು ನೋಡಿ, ಒಟ್ಟಿಗೆ ಮುಖ ತಿರುಗಿಸಿಕೊಂಡರು.

ಹಗ್ಗ ಹೊಸೆಯುವವಳು ಬಂದಳು. ಹೇಳಿದಳು. ತುಟಿ ನಿಂತಿತು.

ನಾಲ್ಕು ತಲೆ ತೂಗಿದವು. ಚೊಂಬಿನ ನೀರು ಅಲುಗಿತು, ಅಂಚಿಗೆ ಬಂತು, ಅಲ್ಲೇ ನಿಂತಿತು.

ಸಾರುವವನು ಕೋಲೆತ್ತಿದ. "ಐದು ತಲೆ ಒಂದಾಗಿ" ಎನ್ನುವಷ್ಟರಲ್ಲಿ ಕಣ್ಣು ಕೊನೆಯ ಕಲ್ಲಿಗೆ ಹೋಯಿತು. ಕೋಲು ಗಾಳಿಯಲ್ಲೇ ಉಳಿಯಿತು. ಅವನು ತನ್ನ ತಲೆಯನ್ನು ಜೋರಾಗಿ ತೂಗಿ ತೋರಿಸಿದ, ಮಗುವಿಗೆ ಉಣ್ಣಲು ಹೇಳಿಕೊಡುವಂತೆ. ಚೊಂಬು ಕದಲಲಿಲ್ಲ.

"ಕೇಳಿಸಿತು," ಎಂದ ಐದನೇ ಕಲ್ಲಿನವನು.

ಆ ಕಟ್ಟೆಯ ಮೇಲಿಂದ ಆ ಮಾತು ಹಿಂದೆಂದೂ ಬಂದಿರಲಿಲ್ಲ. ಅಂಗಳದ ಗೋಡೆಯವನು ಮೆಲ್ಲಗೆ ಎದ್ದು ಜನರ ಹಿಂದಕ್ಕೆ ಸರಿದ.

"ಹಾಗಾದರೆ ಇಳೀರಿ," ಎಂದ ಸಾರುವವನು. "ಕೇಳಿಸಿದವನಿಗೆ ಕಲ್ಲಿಲ್ಲ. ಇದು ಊರ ಮಾತು."

ಅವನು ಚೊಂಬನ್ನು ಕಲ್ಲಿನ ಮೇಲಿಟ್ಟು ಇಳಿದ. ಇಳಿದವನು ಮನೆಗೆ ಹೋಗಲಿಲ್ಲ. ಹಗ್ಗ ಹೊಸೆಯುವವಳ ಪಕ್ಕ ನಿಂತ. ಅಲ್ಲಿ ನಿಂತವರಿಗೆಲ್ಲ ದೂರು ಹೇಳುವ ಹಕ್ಕಿದೆ. ಅದೂ ಊರ ಮಾತೇ. ಕೆಳಗಿನಿಂದ ನೋಡಿದರೆ ನಾಲ್ವರು ನಿಜಕ್ಕೂ ಕುಂಬಳಕಾಯಿಗಳಂತೆ ಕಾಣುತ್ತಿದ್ದರು.

"ಪಂಚರೇ," ಎಂದ. "ಹಗ್ಗ ಸವೆದಿದೆ ಅಂದಾಗ ತಲೆದೂಗಿದವರು ನಾವು. ಗಂಟೆ ಬೀಳಿಸಿದವರು ನಾವು. ಅದನ್ನು ಹೊಡೆಯುವವನ ತಲೆಗೆ ಕಟ್ಟಿದವರು ನಾವು. ಅವನ ಒಂದು ಕಣ್ಣು ತಿಂದದ್ದು ಸುಣ್ಣವಲ್ಲ, ನಮ್ಮ ಈ ಕುತ್ತಿಗೆ."

ಮೊದಲನೇ ಕಲ್ಲಿನವನ ಕೈ ಎದ್ದಿತು. ತುರಿಕೆಯಾದವನಂತೆ ಪೇಟದ ಮೇಲೆ, ಕಿವಿಯಿರುವ ಜಾಗದಲ್ಲಿ, ಅಂಗೈ ಒತ್ತಿತು.

ಪೇಟದೊಳಗಿಂದ ಸಣ್ಣ ಶಿಳ್ಳೆ ಎದ್ದಿತು.

ಎರಡನೆಯವನು ಬೆಚ್ಚಿ ಅವನತ್ತ ನೋಡಿದ. ನೋಡುತ್ತಲೇ ಎರಡನೆಯವನ ಎರಡೂ ಅಂಗೈಗಳು ತಮ್ಮಷ್ಟಕ್ಕೆ ತಾವು ಎದ್ದು ಕಿವಿ ಮುಚ್ಚಿದವು. ಅಲ್ಲಿಂದಲೂ ಶಿಳ್ಳೆ. ಮೂರನೆಯವನು, ನಾಲ್ಕನೆಯವನು. ಒಲೆಯಲ್ಲಿ ಒಂದು ಹೊರೆ ಹಸಿಕಟ್ಟಿಗೆ ಒಟ್ಟಿದಂತೆ ಕಟ್ಟೆಯೆಲ್ಲ ಸುಯ್ಯೆಂದಿತು. ಗಟ್ಟಿಯಾಗಿ ಮುಚ್ಚಿದಷ್ಟೂ ಗಟ್ಟಿಯಾಗಿ ಕೂಗಿತು.

"ಅದೇನು ಸದ್ದು ಯಜಮಾನರೇ?" ಎಂದು ಹಗ್ಗ ಹೊಸೆಯುವವಳು ಪಿಸುಗುಟ್ಟಿದಳು.

"ಕಿವಿ," ಎಂದ ಅವನು. ಅವನಿಗೆ ಗೂಡಿನಲ್ಲಿದ್ದ ಅಚ್ಚಿನ ಜೋಡಿಗಳು ನೆನಪಾಗಿದ್ದವು. "ಅವರಿಗೆಲ್ಲ ಕೇಳಿಸುತ್ತಮ್ಮ. ನನಗಿಂತ ಮೊದಲಿಂದಲೂ ಕೇಳಿಸುತ್ತಿತ್ತು. ಒಗ್ಗಿಹೋಗಿದೆ."

ಅಷ್ಟು ಹೊತ್ತಿಗೆ ಸಾರುವವನಿಗೆ ಜೀವ ಬಂದಿತ್ತು. ಸಾರುವುದು ಅವನ ಕಸುಬು. ಅವನು ಕೋಲು ಕುಟ್ಟಿ, ಕುಟ್ಟಿದ ಕೈಯಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂಗಿದ: "ಪಂಚರ ನೆತ್ತಿಯಿಂದ ದನಿ ಹೊರಟಿದೆ. ಊರು ಕೇಳರಿಯದ ದನಿ. ತಲೆ ಬಾಗಿಸಿ."

ಇಷ್ಟು ವರ್ಷ ಆ ತಲೆಗಳನ್ನು ಕುಂಬಳಕಾಯಿ ಎಂದು ನಕ್ಕ ಊರು ಸಾಲಾಗಿ ಅಡ್ಡಬಿತ್ತು. ಚಟ್ನಿಪುಡಿಯವಳು ಎಲ್ಲರಿಗಿಂತ ಮೊದಲು ಬಿದ್ದಳು. ಐದನೇ ಕಲ್ಲಿನವನು, "ಅದು ಯಂತ್ರ ಕಣ್ರಪ್ಪಾ, ನೋಡಿ, ನನಗೂ ಇದೆ" ಎಂದು ಕಿವಿ ತೋರಿಸಿದ. ಬೆನ್ನುಗಳು ಏಳಲಿಲ್ಲ. ಬೆನ್ನಿಗೆ ಕಿವಿಯಿರುವುದಿಲ್ಲ.

ಹಗ್ಗ ಹೊಸೆಯುವವಳೊಬ್ಬಳೇ ನಿಂತಿದ್ದಳು. ಅವಳು ಕಟ್ಟೆಯನ್ನು ನೋಡಿದಳು, ಅಡ್ಡಬಿದ್ದ ಊರನ್ನು ನೋಡಿದಳು, ಸಾರುವವನ ಹಣೆಯ ಬೆವರನ್ನು ನೋಡಿದಳು. ಎಳೆ ಎಲ್ಲಿ ಸಿಕ್ಕಿತೋ ಅಲ್ಲಿಂದ ಹೊಸೆಯುವುದು ಅವಳ ಕೈಗೆ ಗೊತ್ತಿತ್ತು.

"ಅಲ್ಲವೋ ಸಾರುವವನೇ, ದನಿ ಹೊರಟದ್ದು ಯಾರ ದೂರಿಗೆ?"

ಸಾರುವವನು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಗೋಡೆಯವನ ದೂರಿಗೆ ಹೊರಡಲಿಲ್ಲ. ಅತ್ತೆಸೊಸೆ ದೂರಿಗೆ ಹೊರಡಲಿಲ್ಲ. ಊರು ಹುಟ್ಟಿದಾಗಿಂದ ಹೊರಡದ ದನಿ ನನ್ನ ಗಂಡನ ದೂರಿಗೆ ಹೊರಟಿದೆ. ಅರ್ಥ ಸಾರು. ಬೇಡ ಅನ್ನೋಕೆ ದನಿ ಯಾಕಪ್ಪಾ ಬೇಕಿತ್ತು, ತೂಗಿದರೆ ಸಾಕಿತ್ತಲ್ಲ?"

"ಹೌದು, ಅರ್ಥ ಸಾರು," ಎಂದು ನೆಲದಿಂದ ಯಾರೋ ಅಂದರು. "ಸಾರು, ಸಾರು," ಎಂದಿತು ಊರು. ದನಿಯನ್ನು ದೈವವೆಂದು ಸಾರಿದವನು ಆ ದೈವದ ಮಾತನ್ನೂ ಸಾರಬೇಕಾಯಿತು: ಶಿಕ್ಷೆ ಮುಗಿಯಿತು. ಗಂಟೆ ಹೊಡೆಯುವವನನ್ನು ಸುಣ್ಣದ ಗೂಡಿನಿಂದ ಕರೆತರಲು ಅಂದೇ ಗಾಡಿ ಹೊರಟಿತು.

ಅಂದಿನಿಂದ ಆ ಕಟ್ಟೆಯಲ್ಲಿ ತಲೆದೂಗುವುದು ನಿಂತಿದೆ. ದೂರು ಮುಗಿದ ಕೂಡಲೇ ಪಂಚರು ಭಕ್ತಿಯಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ಶಿಳ್ಳೆ ಎಷ್ಟು ಉದ್ದ ಎಂಬುದರ ಮೇಲೆ ಸಾರುವವನು ಅರ್ಥ ಹೇಳುತ್ತಾನೆ. ಐದನೇ ಕಲ್ಲಿಗೆ ಜಾಗಟೆ ಬಾರಿಸಿ ಹೊಸಬನನ್ನು ತಂದರು. ಪಾಪ, ಅವನು ನಿಜವಾಗಿ ಕಿವುಡ. ಅವನ ತಲೆ ಶಿಳ್ಳೆ ಹಾಕದಿರುವುದಕ್ಕೆ ಊರಿನಲ್ಲಿ ಅಸಮಾಧಾನವಿದೆ.

ಐದನೇ ಕಲ್ಲಿನವನಿಗೆ, ಕಲ್ಲು ಹೋದರೂ ಹೆಸರು ಹೋಗಿರಲಿಲ್ಲ. ಮನೆಯ ಮಣೆಯ ಮೇಲೆ ಕೂತು ಅವನು ಒಂದು ವಿಷಯಕ್ಕಾಗಿ ಕಾದ. ಗಾಡಿ ಮರಳಿ ಬಂದಿದೆ ಎಂದು ತಿಳಿದ ದಿನ ಒಗೆದ ಅಂಗಿ ತೊಟ್ಟ. ಕಿವಿಗಳನ್ನು ಒರೆಸಿ ಕೂರಿಸಿಕೊಂಡ.

"ಎಲ್ಲಿಗೆ?" ಎಂದಳು ಹೆಂಡತಿ.

"ಹಗ್ಗ ಹೊಸೆಯುವವಳ ಮನೆಗೆ. ಏನಾದರೂ ಅಂತಾರೇನೋ."

"ಅಂತಾರೆ," ಎಂದು ಅವಳು ಅವನ ಹಿಂದೆ ಬರದೆ ಬಾಗಿಲಲ್ಲೇ ನಿಂತಳು.

ಹಗ್ಗ ಹೊಸೆಯುವವಳು ಅಂಗಳದಲ್ಲಿ ಕತ್ತಾಳೆ ನಾರು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊಸೆಯುತ್ತಿದ್ದಳು. ಅವಳ ಗಂಡ ಗೋಡೆಗೊರಗಿ ಕೂತಿದ್ದ. ಅವನ ರೆಪ್ಪೆಗಳ ಮೇಲೆ ಇನ್ನೂ ಬಿಳಿಯ ಧೂಳಿತ್ತು. ಹೆಜ್ಜೆಯ ಸದ್ದಿಗೆ ಮುಖವೆತ್ತಿದ. ಮುಖ ಬಂದವನತ್ತ ಬಾರದೆ ಅವನ ಪಕ್ಕದ ಬೇಲಿಯತ್ತ ಹೋಯಿತು.

"ಯಾರದು?"

"ಐದನೇ ಕಲ್ಲಿನ ಯಜಮಾನರು," ಎಂದಳು ಅವಳು. "ನನ್ನ ಮಾತು ಕೇಳಿಸಿಕೊಂಡವರು."

"ಓ. ದೊಡ್ಡ ಉಪಕಾರ ಆಯ್ತು ಸ್ವಾಮಿ," ಎಂದ ಅವನು ಬೇಲಿಗೆ. ಇಷ್ಟು ವರ್ಷ ಕಾದಿದ್ದ ಮಾತು ಐದನೇ ಕಲ್ಲಿನವನ ಕಿವಿಗೆ ಬಿತ್ತು. ಅವನು ಇನ್ನೂ ಸ್ವಲ್ಪ ಬರಲೆಂದು ನಿಂತ.

"ಮೊನ್ನೆ ಕಟ್ಟೆ ಸೇರಿತಲ್ಲ, ಅದರ ಹಿಂದಿನ ವಾರದವರೆಗೂ ಗೂಡಿನ ಬೆಂಕಿ ಕೆಂಪಗೆ ಕಾಣ್ತಿತ್ತು ನೋಡಿ," ಎಂದ ಗಂಟೆ ಹೊಡೆಯುವವನು. ಅವನ ದನಿಯಲ್ಲಿ ದೂರಿರಲಿಲ್ಲ. ದಾರಿ ವಿಚಾರಿಸುವವನ ದನಿ ಅದು. "ಆಮೇಲೆ ಅದೂ ನಿಂತಿತು. ಯಜಮಾನರೇ, ಇವಳ ಮಾತು ನಿಮಗೆ ಮೊದಲು ಕೇಳಿಸಿದ್ದು ಯಾವ ವಾರ?"

ನಾರಿನ ಎಳೆ ಸರಪರ ಎನ್ನುವುದು ಕೇಳುತ್ತಿತ್ತು. ಎಲ್ಲೋ ಕಾಗೆ ಕೂಗುವುದು ಕೇಳುತ್ತಿತ್ತು. ಐದನೇ ಕಲ್ಲಿನವನ ಎರಡೂ ಅಂಗೈ ತಾವಾಗಿ ಎದ್ದು ಕಿವಿಗಳನ್ನು ಮುಚ್ಚಿದವು.

ಶಿಳ್ಳೆ ಎದ್ದಿತು.

ಕುರುಡ ಬೆಚ್ಚಿ ಎದ್ದು ನಿಂತ. ಗಾಡಿಯವನು ದಾರಿಯುದ್ದಕ್ಕೂ ಆ ದನಿಯ ಮಹಿಮೆ ಹೇಳಿದ್ದ. ಕುರುಡನ ಮುಖ ಈಗ ಸರಿಯಾದ ಕಡೆಗೆ ತಿರುಗಿತು. ಅವನು ಶಿಳ್ಳೆ ಬಂದತ್ತ ಬಾಗಿ ಕೈಮುಗಿದ.

ಐದನೇ ಕಲ್ಲಿನವನ ತಲೆ ತೂಗಿತು. ಕುರುಡನಿಗೆ ಅದು ಕಾಣಲಿಲ್ಲ. ಹಗ್ಗ ಹೊಸೆಯುವವಳಿಗೆ ಕಂಡಿತು.